ಹದಿನೇಳನೇ ಗುಡ್ಡೆ

ಮೊದಲು ಸಂತೋಷದ ಸುದ್ದಿ ಹೇಳಿಬಿಡುತ್ತೇನೆ, ಹಿಂದುಮುಂದು ಆಮೇಲೆ ನೋಡಿಕೊಳ್ಳೋಣ. ನನ್ನ ಮೊಮ್ಮಗಳು ಚಂದನ, ಒಂಬತ್ತನೇ ಕ್ಲಾಸಿನವಳು, ಟಿ. ನರಸೀಪುರದ ಗಣಿತ ಮೇಳದಲ್ಲಿ ಮೊದಲನೆಯವಳಾಗಿ ಬಂದಿದ್ದಾಳೆ. ಇಡೀ ತಾಲ್ಲೂಕಿಗೆ ಒಬ್ಬಳೇ! ಮುಂದಿನ ತಿಂಗಳು ಮೈಸೂರಿಗೆ ಹೋಗಿ ಜಿಲ್ಲೆಯವರ ಮುಂದೆ ನಿಂತು ಮಾತಾಡಬೇಕಂತೆ. ಅವಳನ್ನು ಗೆಲ್ಲಿಸಿದ್ದು ಒಂದು ಕೋಟಿ ಇಪ್ಪತ್ತೆರಡು ಲಕ್ಷದ ಐವತ್ತೆರಡು ಸಾವಿರದ ಇನ್ನೂರ ನಲವತ್ತು. ರೂಪಾಯಿ ಅಲ್ಲ, ಬರೀ ಸಂಖ್ಯೆ. ಇದನ್ನು ಮೊದಲೇ ಹೇಳಿಬಿಡುವುದು ಕ್ಷೇಮ. ಯಾಕೆಂದರೆ ನಮ್ಮ ಹೆಡತಲೆಯ ಟೀ ಅಂಗಡಿಯಲ್ಲಿ ನಾನು ಬಾಯಿ ತೆರೆದು "ಒಂದು ಕೋಟಿ" ಎನ್ನುವಷ್ಟರಲ್ಲಿ ಪಕ್ಕದ ಮನೆಯ ಸಿದ್ದ ಲೋಟ ಕೆಳಗಿಟ್ಟು, "ಯಾವ್ ಸರ್ವೆ ನಂಬ್ರಣ್ಣ? ಫ್ಯಾಕ್ಟ್ರಿಗೆ ಓಯ್ತಾ?" ಎಂದು ಹತ್ತಿರ ಸರಿದ. ನಮ್ಮ ಕಡೆ ಕೋಟಿ ಎನ್ನುವ ಪದ ಜಮೀನಿನ ಜೊತೆಯಲ್ಲಲ್ಲದೆ ಒಂಟಿಯಾಗಿ ಓಡಾಡಿದ್ದನ್ನು ಯಾರೂ ನೋಡಿಲ್ಲ. "ಜಮೀನಲ್ಲ ಕಣ್ಲಾ, ಸಂಖ್ಯೆ. ನನ್ ಮೊಮ್ಮಗಳು ಕಂಡಿಡ್ದವ್ಳೆ" ಎಂದೆ. ಅವನು ಒಂದು ಗಳಿಗೆ ನನ್ನ ಮುಖ ನೋಡಿ, "ಬರೀ ಸಂಖ್ಯೆಯಾ?" ಎಂದು ಮತ್ತೆ ಲೋಟ ಎತ್ತಿಕೊಂಡ. ನನಗೆ ಏನೋ ದೊಡ್ಡ ನಷ್ಟವಾಗಿದೆ, ಅದನ್ನು ಕೆದಕಬಾರದು ಎನ್ನುವಂತಿತ್ತು ಅವನ ಮುಖ.

ಇಂಥ ವಿದ್ವಾಂಸರ ನಡುವೆ ನಾನೂ ಒಬ್ಬ ವಿದ್ವಾಂಸ. ನಾನು ಓದಿದ್ದು ನಾಲ್ಕನೇ ಕ್ಲಾಸು. ಐದನೇ ಕ್ಲಾಸು ಬೇರೆ ಊರಿನಲ್ಲಿತ್ತು, ನಾನು ಈ ಊರಿನಲ್ಲಿದ್ದೆ. ಅದೂ ಇಲ್ಲಿಗೆ ಬರಲಿಲ್ಲ, ನಾನೂ ಅಲ್ಲಿಗೆ ಹೋಗಲಿಲ್ಲ, ಇಬ್ಬರೂ ಮರ್ಯಾದೆ ಬಿಟ್ಟುಕೊಡಲಿಲ್ಲ. ಆದರೆ ಆ ನಾಲ್ಕು ವರ್ಷದಲ್ಲಿ ಇಪ್ಪತ್ತರವರೆಗೆ ಮಗ್ಗಿ ಎಷ್ಟು ಗಟ್ಟಿಯಾಗಿ ಹೊಡೆಸಿದ್ದರು ಎಂದರೆ, ಈಗಲೂ ಯಾರಾದರೂ ಹದಿನೇಳೆಂಟ್ಲೆ ಎಂದರೆ ನಿದ್ದೆಯಲ್ಲೂ ನೂರ ಮೂವತ್ತಾರು ಎನ್ನುತ್ತೇನೆ. ಮುಂದೆ ತಾಂಡ್ಯದ ಒಂದು ಕಾರ್ಖಾನೆಯಲ್ಲಿ ಇಪ್ಪತ್ತೆಂಟು ವರ್ಷ ಡಬ್ಬ ಪೇರಿಸುವ ಕೆಲಸ ಮಾಡಿದೆ. ಅಲ್ಲಿ ನನ್ನ ಮೇಲೆ ಒಬ್ಬ ಡಿಪ್ಲೊಮಾ ಓದಿದ ಸೂಪರ್‌ವೈಸರ್ ಇದ್ದ. ಸಾಲಿಗೆ ಹನ್ನೆರಡರಂತೆ ಹದಿನೈದು ಸಾಲು ಪೇರಿಸಿದರೆ ಎಷ್ಟು ಡಬ್ಬ ಎಂದು ತಿಳಿಯಲು ಜೇಬಿನಿಂದ ಕ್ಯಾಲ್ಕುಲೇಟರ್ ತೆಗೆಯುತ್ತಿದ್ದ. "ನೂರೆಂಬತ್ತು ಸಾ" ಎಂದು ನಾನು ಹೇಳಿದರೂ ಒತ್ತಿ ನೋಡಿ, "ಹೂಂ, ಕರೆಕ್ಟಾಗಿದೆ" ಎಂದು ನನಗೆ ಸರ್ಟಿಫಿಕೇಟು ಕೊಡುತ್ತಿದ್ದ. ನನ್ನ ಬದುಕಿನಲ್ಲಿ ಸಿಕ್ಕಿದ ಸರ್ಟಿಫಿಕೇಟು ಅದೊಂದೇ.

ಆದರೆ ಊರಿನಲ್ಲಿ ನನ್ನ ಹೆಸರು ನಿಂತಿರುವುದು ಡಬ್ಬದಿಂದಲ್ಲ, ಗುಡ್ಡೆಯಿಂದ. ಯುಗಾದಿಯ ಮಾರನೆಯ ದಿನ ನಮ್ಮಲ್ಲಿ ಹೊಸತೊಡಕು. ಹಬ್ಬದ ದಿನ ಒಬ್ಬಟ್ಟು ತಿಂದು ದೇವರಿಗೆ ಮುಖ ತೋರಿಸಿದವರೆಲ್ಲ ಮಾರನೆಯ ದಿನ ಬಾಡೂಟಕ್ಕೆ ಮುಖ ತೋರಿಸದೆ ಹೋದರೆ ವರ್ಷ ಶುರುವಾಗುವುದಿಲ್ಲ. ನಮ್ಮ ಬೀದಿಯ ಹದಿನಾರು ಮನೆಯವರು ಕೂಡಿ ಕುರಿ ಹಿಡಿದು, ಬೆಳಗ್ಗೆಯೇ ಕಡಿದು, ಸಮಪಾಲು ಮಾಡಿ ಹಂಚಿಕೊಳ್ಳುತ್ತಾರೆ. ಇದೇ ಗುಡ್ಡೆ ಬಾಡು. ತಕ್ಕಡಿ ಇಟ್ಟರೆ ಅವಮಾನ. ಎಲೆಗಳನ್ನು ಸಾಲಾಗಿ ಹಾಸಿ, ಒಂದೊಂದು ಎಲೆಗೂ ತೊಡೆಯದೊಂದು, ಎದೆಯದೊಂದು, ಎಲುಬಿನದೊಂದು ಎಂದು ಕೈಯಳತೆಯಲ್ಲೇ ಹಾಕುತ್ತಾ ಹೋಗಬೇಕು. ಕೊನೆಗೆ ಒಬ್ಬ ಬೆನ್ನು ತಿರುಗಿಸಿ ಕೂತು, ಇನ್ನೊಬ್ಬ ಗುಡ್ಡೆ ಮುಟ್ಟಿ "ಇದು ಯಾರ್ದು?" ಎಂದಾಗ ಒಂದೊಂದು ಮನೆಯ ಹೆಸರು ಕೂಗುತ್ತಾನೆ. ಅವನಿಗೆ ಗುಡ್ಡೆ ಕಾಣುವುದಿಲ್ಲ, ಹಾಗಾಗಿ ಪಕ್ಷಪಾತ ಇಲ್ಲ. ಪಕ್ಷಪಾತ ಇಲ್ಲ ಎಂದ ಮಾತ್ರಕ್ಕೆ ಜಗಳ ಇಲ್ಲ ಎಂದೇನೂ ಅಲ್ಲ. ಒಮ್ಮೆ ಪಾಲು ಹಾಕಿ ಎರಡು ಎಲುಬು ಉಳಿದಿದ್ದಕ್ಕೆ ಎರಡು ಮನೆಯವರು ಮುಂದಿನ ದೀಪಾವಳಿಯವರೆಗೆ ಮಾತು ಬಿಟ್ಟಿದ್ದರು. ಆ ಎಲುಬಿನಲ್ಲಿ ಬಾಡು ಎಷ್ಟಿತ್ತೋ ಏನೋ, ಸ್ವಾಭಿಮಾನ ಮಾತ್ರ ಬಹಳ ಇತ್ತು.

ಆ ಪಾಲು ಹಾಕುವವನು ನಾನು. ನಮ್ಮಪ್ಪನ ಕೈಯಿಂದ ನನ್ನ ಕೈಗೆ ಬಂದ ಅಧಿಕಾರ. ಅದರ ಜೊತೆಗೇ ಅಪ್ಪನಿಂದ ಬಂದದ್ದು ಇನ್ನೊಂದಿದೆ: ಹದಿನಾರು ಮನೆಗೆ ಹದಿನೇಳು ಗುಡ್ಡೆ ಹಾಕಬೇಕು. ಹೆಚ್ಚಿನದು ಬಂದವರ ಗುಡ್ಡೆ. ಗಾರೆ ಕೆಲಸಕ್ಕೆ ಬಂದು ಊರಲ್ಲೇ ಉಳಿದವನೋ, ಯಾರ ಲೆಕ್ಕದಲ್ಲೂ ಇಲ್ಲದ ಒಂಟಿ ಮುದುಕಿಯೋ, ಯಾರೋ ಒಬ್ಬರು ಇದ್ದೇ ಇರುತ್ತಾರೆ. "ಎಣ್ಸಿರೋರ್ಗೆ ಎಲ್ರೂ ಆಕ್ತಾರೆ ಕಣ್ಲಾ, ಎಣ್ಸದೆ ಬುಟ್ಟೋರ್ಗೆ ನೀನೊಂದ್ ಆಕು" ಎನ್ನುತ್ತಿದ್ದ ಅಪ್ಪ. ನಲವತ್ತು ವರ್ಷದಿಂದ ಹಾಕುತ್ತಾ ಬಂದಿದ್ದೇನೆ. ಈಗ ಕೈಗೆ ಅದು ಎಷ್ಟು ಅಭ್ಯಾಸವಾಗಿದೆ ಎಂದರೆ ತಲೆಯನ್ನು ಕೇಳುವುದೇ ಇಲ್ಲ. ನನ್ನ ತಲೆಯನ್ನು ಬಲ್ಲವರು ಇದನ್ನು ಕೈಯ ಜಾಣತನ ಎನ್ನುತ್ತಾರೆ.

ಇನ್ನು ಚಂದನಳ ವಿಷಯ. ನನ್ನ ಮಗಳು ಮಂಜುಳಳನ್ನು ಟಿ. ನರಸೀಪುರಕ್ಕೆ ಕೊಟ್ಟಿದ್ದೇವೆ. ಅಳಿಯಂದಿರು ಅಲ್ಲಿ ಹಿಟ್ಟಿನ ಗಿರಣಿ ಇಟ್ಟಿದ್ದಾರೆ. ಇಡೀ ದಿನ ಮೆಷಿನ್ನಿನ ಸದ್ದಿನಲ್ಲಿ ಕೂಗಿ ಕೂಗಿ ಮನೆಗೆ ಬಂದರೂ ಕೂಗಿಯೇ ಮಾತಾಡುತ್ತಾರೆ. ಮಗಳು ಅದಕ್ಕೆ ಸರಿಯಾಗಿ ಕೂಗುತ್ತಾಳೆ. ಇವರಿಬ್ಬರ ನಡುವೆ ಹುಟ್ಟಿದ ಕೂಸಿಗೆ ಮಾತಿಗೆ ಜಾಗವೇ ಸಿಗಲಿಲ್ಲವೋ ಏನೋ, ಚಂದನ ಬಾಯಿ ಬಿಡುವುದೇ ಅಪರೂಪ. ಹೋದ ವರ್ಷದ ಗಣಿತ ಮೇಳದಲ್ಲಿ ಅವಳನ್ನು ವೇದಿಕೆಗೆ ಹತ್ತಿಸಿದ್ದರು. ಐದು ನಿಮಿಷ ಮೈಕಿನ ಮುಂದೆ ನಿಂತಳು. ಒಂದು ಅಕ್ಷರ ಆಚೆ ಬರಲಿಲ್ಲ. ಐದು ನಿಮಿಷ ಮುಗಿದ ಗಂಟೆ ಹೊಡೆದಾಗ "ಥ್ಯಾಂಕ್ಯೂ" ಎಂದು ಇಳಿದು ಬಂದಳಂತೆ. ಅಂದಿನಿಂದ ಕ್ಲಾಸಿನ ಮಕ್ಕಳು ಅವಳಿಗೆ "ಥ್ಯಾಂಕ್ಯೂ" ಎಂದೇ ಹೆಸರಿಟ್ಟಿದ್ದಾರೆ. ಅಳಿಯಂದಿರು ಅಲ್ಲೇ ತೀರ್ಮಾನ ಕೊಟ್ಟಿದ್ದರು: "ಬಾಯೇ ಬರ್ದೋಳ್ಗೆ ಲೆಕ್ಕ ಬಂದು ಏನ್ ಮಾಡದು ಮಾವ? ಇನ್ನೊಂದ್ ಸಲ ನೋಡ್ತೀನಿ. ಆಗ್ಲೂ ಹಿಂಗೇ ನಿಂತ್ರೆ ಈ ಮೇಳ ಗೀಳ ಎಲ್ಲಾ ಸಾಕು, ಹತ್ತನೇ ಕ್ಲಾಸ್ ಆದ್ಮೇಲೆ ನಾನ್ ಹೇಳಿದ್ದನ್ನ ಓದ್ಲಿ." ಅವರು ಹೇಳುವುದು ಏನು ಎಂದು ಅವರಿಗೂ ಗೊತ್ತಿರಲಿಲ್ಲ. ಆದರೆ ಅದರಲ್ಲಿ ಲೆಕ್ಕ ಇರುವುದಿಲ್ಲ ಎನ್ನುವುದು ಮಾತ್ರ ಖಚಿತ. ಆ ಮಗುವಿಗೋ ಲೆಕ್ಕ ಬಿಟ್ಟರೆ ಬೇರೆ ಲೋಕವಿಲ್ಲ.

ಈ ಸಲದ ಯುಗಾದಿಗೆ ಬಂದಿದ್ದವಳು ನಾನು ಗುಡ್ಡೆ ಹಾಕುವುದನ್ನೇ ನೋಡುತ್ತಾ ಕೂತಿದ್ದಳು. ಎಲ್ಲ ಮುಗಿದ ಮೇಲೆ ಮೆಲ್ಲಗೆ ಕೇಳಿದಳು, "ತಾತ, ಎಷ್ಟು ತುಂಡಿದ್ರೆ ಯಾವತ್ತೂ ಜಗಳಾನೇ ಬರಲ್ಲ?"

"ಅಂಗಂದ್ರೆ?"

"ಒಂದೇ ಮನೆ ಬಂದ್ರೂ ಸಮ, ಏಳು ಬಂದ್ರೂ ಸಮ, ಹದಿನೈದು ಬಂದ್ರೂ ಸಮ. ಹದಿನಾರರವರೆಗೆ ಎಷ್ಟ್ ಮನೆ ಬಂದ್ರೂ ಒಂದ್ ತುಂಡೂ ಉಳೀಬಾರ್ದು. ಅಂಥದ್ರಲ್ಲಿ ಎಲ್ಲಕ್ಕಿಂತ ಚಿಕ್ಕ ಸಂಖ್ಯೆ ಯಾವ್ದು?"

"ಅಂಥಾ ಕುರಿ ಇನ್ನೂ ಉಟ್ಟಿಲ್ಲ ಕಣವ್ವ" ಎಂದು ನಕ್ಕೆ. ನಾನು ನಕ್ಕು ಮರೆತೆ. ಅವಳು ನಗಲೂ ಇಲ್ಲ, ಮರೆಯಲೂ ಇಲ್ಲ.

ದಸರೆ ರಜಕ್ಕೆ ಬಂದಾಗ ಕೈಯಲ್ಲಿ ಒಂದು ದೊಡ್ಡ ಬಿಳಿ ಹಾಳೆ ಇತ್ತು. ಮೇಳಕ್ಕೆ ಪ್ರತಿ ಮಗುವೂ ಒಂದು ಸಂಖ್ಯೆ ಆರಿಸಿಕೊಂಡು ಅದರ ಗುಣ ಹೇಳಬೇಕಂತೆ. ಸಂಖ್ಯೆಗೂ ಗುಣ ನಡತೆ ಇರುತ್ತದೆ ಎನ್ನುವುದು ನನಗೆ ಅವತ್ತೇ ಗೊತ್ತಾಗಿದ್ದು. ಪಡಸಾಲೆಯಲ್ಲಿ ಹಾಳೆ ಹಾಸಿಕೊಂಡು, ಯಾರ ಮುಂದೆಯೂ ಬಾಯಿ ಬಿಡದ ಮಗು ನನಗೆ ಪಾಠ ಹೇಳಿತು. ಒಂಬತ್ತು ಮನೆಯವರೆಗೆ ಜಗಳ ಬರದಿರಲು ಎರಡು ಸಾವಿರದ ಐನೂರ ಇಪ್ಪತ್ತು ತುಂಡು ಬೇಕಂತೆ. ಹತ್ತನೇ ಮನೆ ಬಂದರೂ ಅದೇ ಸಾಕಂತೆ, ಹೊಸದಾಗಿ ಏನೂ ಸೇರಿಸಬೇಕಾಗಿಲ್ಲವಂತೆ. ಹತ್ತರೊಳಗಿನ ಎರಡೂ ಐದೂ ಮೊದಲೇ ಬಂದು ಕೂತಿರುತ್ತವಂತೆ. ಆದರೆ ಹನ್ನೊಂದು ಬಂತೆಂದರೆ ಎಲ್ಲ ಕೆಟ್ಟಿತು. ಅದರೊಳಗೆ ಯಾರೂ ಇಲ್ಲ, ಅದು ಯಾರ ಒಳಗಿನಿಂದಲೂ ಬರುವುದಿಲ್ಲ. ಇಡೀ ಸಂಖ್ಯೆಯನ್ನೇ ಹನ್ನೊಂದರಿಂದ ಗುಣಿಸಿ ಇಪ್ಪತ್ತೇಳು ಸಾವಿರದ ಏಳುನೂರ ಇಪ್ಪತ್ತು ಮಾಡಬೇಕು. ಹೀಗೆ ಯಾರಿಗೂ ಒಡೆಯದ ಸಂಖ್ಯೆಗೆ ಅವಿಭಾಜ್ಯ ಎಂದು ಹೆಸರಂತೆ.

ಈ ಅವಿಭಾಜ್ಯ ನನಗೆ ತಟ್ಟನೆ ಅರ್ಥವಾಯಿತು. ನನ್ನ ತಮ್ಮನ ಬೀಗರು ಮುಡುಕುತೊರೆಯವರು ಹೀಗೆಯೇ. ಮದುವೆಗೆ ತಾವಾಗಿ ಬರುವವರಲ್ಲ. ಎರಡು ಸಲ ಹೋಗಿ ಕರೆಯಬೇಕು, ಬೇರೆ ಗಾಡಿಯೇ ಮಾಡಬೇಕು, ಬಂದ ಮೇಲೂ ಯಾರ ಜೊತೆಯೂ ಬೆರೆಯದೆ ಕುರ್ಚಿ ಎಳೆದುಕೊಂಡು ದೂರ ಕೂರುತ್ತಾರೆ. ಹನ್ನೆರಡು, ಹದಿನಾಲ್ಕು, ಹದಿನೈದು ಇವೆಲ್ಲ ನಮ್ಮ ಸಿದ್ದನ ಹಾಗೆ. ಕರೆಯುವುದೇ ಬೇಡ, ಯಾರದೋ ಬೆನ್ನ ಹಿಂದೆ ಬಂದು ಮೊದಲ ಪಂಕ್ತಿಯಲ್ಲೇ ಕೂತಿರುತ್ತಾನೆ. "ಹಂಗೇ ತಾತ!" ಎಂದು ಮಗು ಕುಣಿಯಿತು. ಹದಿಮೂರು ಇನ್ನೊಬ್ಬ ಬೀಗ, ಅದರಿಂದಲೂ ಗುಣಿಸಬೇಕು. ಹದಿನಾರು ಬೀಗನಲ್ಲ, ಆದರೆ ಅದಕ್ಕೆ ಎರಡು ಎನ್ನುವುದು ನಾಲ್ಕು ಸಲ ಬೇಕಂತೆ, ಅಲ್ಲಿ ಇದ್ದದ್ದು ಮೂರೇ ಸಲವಂತೆ. ಇನ್ನೊಂದು ಎರಡು ಸೇರಿಸಿ ಇಮ್ಮಡಿ ಮಾಡಿದರೆ ಬಂತು ನೋಡಿ: ಏಳು ಲಕ್ಷದ ಇಪ್ಪತ್ತು ಸಾವಿರದ ಏಳುನೂರ ಇಪ್ಪತ್ತು. ಅಂಕಿಯಲ್ಲಿ ಬರೆದರೆ ಏಳು ಎರಡು ಸೊನ್ನೆ, ಏಳು ಎರಡು ಸೊನ್ನೆ. ಒಂದೇ ಅಚ್ಚಿನಲ್ಲಿ ಎರಡು ಸಲ ತೆಗೆದ ಹಾಗೆ. ಏಳು, ಹನ್ನೊಂದು, ಹದಿಮೂರು ಇವನ್ನು ಗುಣಿಸಿದರೆ ಸಾವಿರದ ಒಂದು, ಅದಕ್ಕೆ ಹಾಗೆ ಜೋಡಿಯಾಗಿ ಬರುತ್ತದೆ ಎಂದಳು. ಆ ಸಂಖ್ಯೆಗೆ ಸುತ್ತ ಹೂವಿನ ಬಳ್ಳಿ ಬೇರೆ ಬರೆದಿದ್ದಳು.

ನನ್ನ ಹೆಂಡತಿ ಜಯಮ್ಮ ಅಡುಗೆ ಮನೆಯಿಂದಲೇ, "ಏಳ್ ಲಕ್ಷ ತುಂಡಿಗೆ ಖಾರ ಅರ್ಯೋರ್ ಯಾರು? ನಿಮ್ ತಾತನ್ನ ಕೇಳು" ಎಂದಳು. ಗಣಿತಕ್ಕೆ ಹೆಂಗಸರು ಒಡ್ಡುವ ಇಂಥ ಪ್ರಶ್ನೆಗಳಿಗೆ ಗಣಿತದಲ್ಲಿ ಉತ್ತರವಿಲ್ಲ.

ನಾನು ಅಷ್ಟಕ್ಕೇ ಮೆಚ್ಚಿ ಸುಮ್ಮನಾಗಿದ್ದರೆ ಈ ಕತೆ ಇರುತ್ತಿರಲಿಲ್ಲ. ಆದರೆ ನಾಲ್ಕನೇ ಕ್ಲಾಸು ಓದಿದವನಿಗೆ ಒಂಬತ್ತನೇ ಕ್ಲಾಸಿನ ಲೆಕ್ಕ ತಿದ್ದುವ ಅವಕಾಶ ದಿನಾ ಸಿಗುತ್ತದೆಯೇ? ಕನ್ನಡಕ ಮೇಲೇರಿಸಿ ಹಾಳೆ ನೋಡಿ, "ಎಲ್ಲಾ ಸರಿ ಕಣವ್ವ. ಬಂದೋರ್ ಗುಡ್ಡೆ ಎಲ್ಲಿ?" ಎಂದೆ.

"ಯಾವ್ದು?"

"ಅದ್ನಾರ್ ಮನೆಗೆ ಅದ್ನೇಳ್ ಗುಡ್ಡೆ. ಅದ್ನೇಳ್ಕೆ ಸಮ ಬತ್ತದಾ ನೋಡು."

ಅವಳು ಪುಸ್ತಕ ತೆಗೆದು ಭಾಗಿಸಿದಳು. ಪೆನ್ಸಿಲು ನಿಂತಿತು. "ಐದು ಉಳೀತದೆ ತಾತ" ಎಂದಳು, ಯಾರೋ ತೀರಿಕೊಂಡ ಸುದ್ದಿ ಹೇಳಿದ ಹಾಗೆ.

"ಐದ್ ತುಂಡ್ ಉಳುದ್ರೆ ಐದ್ ಮನೆ ಒಡೀತದೆ" ಎಂದೆ ನಾನು, ನ್ಯಾಯಾಧೀಶನ ಗತ್ತಿನಲ್ಲಿ.

ಆ ದಿನ ನಾನು ಮಾಡಿದ ಘನಕಾರ್ಯ ಅದು. ಹದಿನೇಳು ಎಂದರೆ ಬೀಗರಲ್ಲೇ ದೊಡ್ಡ ಬೀಗ. ಇಡೀ ಸಂಖ್ಯೆಯನ್ನು ಹದಿನೇಳರಿಂದ ಗುಣಿಸಿದಳು. ಒಂದು ಕೋಟಿ ಇಪ್ಪತ್ತೆರಡು ಲಕ್ಷದ ಐವತ್ತೆರಡು ಸಾವಿರದ ಇನ್ನೂರ ನಲವತ್ತು ಬಂತು. ಅದನ್ನು ನೋಡಿ ಅವಳ ಕಣ್ಣಲ್ಲಿ ನೀರು. "ಎಷ್ಟ್ ಚೆನ್ನಾಗಿತ್ತು ತಾತ ಮೊದ್ಲಿಂದು. ಇದು ಯಾರ್ದೋ ಮೀಟರ್ ರೀಡಿಂಗ್ ಇದ್ದಂಗೈತೆ." ಜಯಮ್ಮ ಸೌಟು ಹಿಡಿದೇ ಆಚೆ ಬಂದು, "ಮಗ ಎಂಗೋ ಒಂದ್ ಮಾಡ್ಕಬಂದಿತ್ತು, ಅದ್ಕೂ ಕೈ ಆಕ್ದ್ರಾ? ನಾಕ್ನೇ ಕ್ಲಾಸು ಮೇಷ್ಟ್ರು!" ಎಂದು ಬಿರುದು ಕೊಟ್ಟು ಹೋದಳು. ಸುದ್ದಿ ಫೋನಿನಲ್ಲಿ ಗಿರಣಿಗೆ ತಲುಪಿತು. "ಇದ್ದ ನಂಬ್ರೂ ಹಾಳ್ ಮಾಡಿದ್ರಾ ಮಾವ?" ಎಂದು ಅಳಿಯಂದಿರು ಕೂಗಿದ್ದು ಫೋನಿಲ್ಲದೆಯೂ ನಂಜನಗೂಡಿನವರೆಗೆ ಕೇಳಿಸಿರಬೇಕು. ನಾನು ಬೇಡ ಬಿಡು, ಹಳೆಯದೇ ಇರಲಿ ಎಂದರೂ ಚಂದನ ಕೇಳಲಿಲ್ಲ. ಒಮ್ಮೆ ತಪ್ಪು ಕಂಡ ಮೇಲೆ ಹೂವಿನ ಬಳ್ಳಿ ಬಿಟ್ಟುಕೊಂಡು ಕೂರುವ ಜಾತಿಯಲ್ಲ ಅವಳು. ಹೊಸ ಹಾಳೆ ತಂದು ಬರೆಯುತ್ತಾ ಕೂತವಳು ಸಂಜೆಗೆ ಸ್ವಲ್ಪ ಗೆಲುವಾದಳು. ಹೊಸ ಸಂಖ್ಯೆಯನ್ನು ಹದಿನೈದು ಪಾಲು ಮಾಡಿದರೆ ಎಂಟು ಒಂದು ಆರು, ಎಂಟು ಒಂದು ಆರು. ಹದಿನಾರು ಪಾಲು ಮಾಡಿದರೆ ಏಳು ಆರು ಐದು, ಏಳು ಆರು ಐದು. "ಜೋಡಿ ಒಳಗಡೆ ಬಚ್ಚಿಟ್ಕೊಂಡೈತೆ ತಾತ" ಎಂದಳು. ನನಗೆ ಹೋದ ಜೀವ ಬಂತು.

ಮೇಳ ನಡೆದದ್ದು ದೀಪಾವಳಿ ಕಳೆದ ಮೇಲೆ, ಒಂದು ಶನಿವಾರ. ಮಗುವಿನ ಜೊತೆ ಒಬ್ಬ ಸಹಾಯಕ ವೇದಿಕೆಗೆ ಹತ್ತಬಹುದಂತೆ. ಚಂದನ, "ತಾತ ಬಂದ್ರೆ ಹೋಯ್ತೀನಿ, ಇಲ್ದಿದ್ರೆ ಇಲ್ಲ" ಎಂದಿದ್ದಳು. ಒಂದು ಕೋಟಿ ಬೀಜ ತರಲು ಆಗದ ಕಾರಣ, ಅರವತ್ತು ಹುಣಸೆ ಬೀಜ ತೆಗೆದುಕೊಂಡು ಹೋಗಿ, ಒಂದರಿಂದ ಐದರವರೆಗೆ ಎಷ್ಟು ಪಾಲು ಕೇಳಿದರೂ ಸಮ ಬರುತ್ತದೆ ಎಂದು ಮೊದಲು ತೋರಿಸುವುದು, ಆಮೇಲೆ ಅವಳು ದೊಡ್ಡ ಸಂಖ್ಯೆ ಹೇಳುವುದು ಎಂದು ಮಾತಾಗಿತ್ತು. ಪಾಲು ಹಾಕುವುದು ನಾನು, ಮಾತು ಅವಳದು. ನಾನೂ ಜಯಮ್ಮನೂ ಬೆಳಗ್ಗೆ ಮೊದಲ ಬಸ್ಸಿಗೇ ಹೊರಟು ನಂಜನಗೂಡಿನಲ್ಲಿ ಇಳಿದು, ನರಸೀಪುರದ ಬಸ್ಸು ಹಿಡಿದೆವು. ಚೀಲದಲ್ಲಿ ಬೀಜ, ಒಂದು ಕಟ್ಟು ಮುತ್ತುಗದ ಎಲೆ. ದಾರಿಯುದ್ದಕ್ಕೂ ಜಯಮ್ಮ ಒಂದೇ ಮಾತು ಹೇಳಿದಳು: "ಅಲ್ಲೋಗಿ ಬಾಯಾಕ್ಬೇಡಿ. ಬರೀ ಕೈ ಕೆಲ್ಸ ಮಾಡಿ." ನಾನು ಹಾಗೆಯೇ ಮಾಡಿದೆ. ಕೆಟ್ಟದ್ದು ಕೈಯಿಂದಲೇ.

ಶಾಲೆಯ ಅಂಗಳದಲ್ಲಿ ಶಾಮಿಯಾನ. ಮುಂದೆ ಮೂವರು ತೀರ್ಪುಗಾರರು. ಒಬ್ಬರು ಪ್ರತಿ ಮಗುವಿಗೂ ಗಡಿಯಾರ ತೋರಿಸುತ್ತಿದ್ದರು. ಇನ್ನೊಬ್ಬರು ದಪ್ಪನೆಯವರು, ತಾವೇ ಮಾತಾಡಿ ತಾವೇ ನಗುವವರು. ಮೂರನೆಯವರು ಒಬ್ಬ ಮೇಡಮ್ಮು, ಸುಮ್ಮನೆ ಬರೆದುಕೊಳ್ಳುತ್ತಿದ್ದರು. ನಮಗಿಂತ ಮೊದಲು ಒಬ್ಬ ಹುಡುಗ ಸೊನ್ನೆಯ ಮಹಿಮೆ ಹೇಳಿದ. ಭಾರತ ಜಗತ್ತಿಗೆ ಸೊನ್ನೆ ಕೊಟ್ಟಿತು ಎಂದು ಎದೆ ತಟ್ಟಿಕೊಂಡು ಹೇಳಿದ, ಭಾರಿ ಚಪ್ಪಾಳೆ. ಆಮೇಲೆ ಚಂದನಳ ಹೆಸರು ಕರೆದರು. ಹಿಂದಿನಿಂದ ಯಾರೋ "ಥ್ಯಾಂಕ್ಯೂ ಬಂದ್ಳು!" ಎಂದರು. ನಾವಿಬ್ಬರೂ ಹತ್ತಿದೆವು. ನಾನು ಮೇಜಿನ ಮೇಲೆ ಬೀಜ ಸುರಿದೆ. ಅವಳು ಮೈಕು ಹಿಡಿದಳು. ಬಾಯಿ ತೆರೆದಳು. ಮುಚ್ಚಿದಳು. ಮತ್ತೆ ತೆರೆದಳು. ಕೆಳಗೆ ಎರಡನೇ ಸಾಲಿನಲ್ಲಿ ಅಳಿಯಂದಿರು ಕೈ ಕಟ್ಟಿ ಕೂತಿದ್ದರು. ಅವರ ಮುಖದಲ್ಲಿ ಇದು ಕೊನೆಯ ಮೇಳ ಎಂದು ದಪ್ಪ ಅಕ್ಷರದಲ್ಲಿ ಬರೆದಿತ್ತು. ಒಂದು ನಿಮಿಷ ಹೋಯಿತು. ಗಡಿಯಾರದವರು ಗಡಿಯಾರ ತೋರಿಸಿದರು.

ಆ ದಪ್ಪನೆಯವರಿಗೆ ಕರುಣೆ ಬಂದಿರಬೇಕು. "ಯಜಮಾನ್ರೇ, ನೀವೇ ಶುರು ಮಾಡಿ. ಎಲ್ಲಿ, ಐದು ಪಾಲು ಹಾಕಿ ನೋಡೋಣ" ಎಂದರು.

ನನಗೆ ಅಷ್ಟೇ ಬೇಕಿತ್ತು. ಎಲೆ ಹಾಸಿದೆ. ಕೈ ಓಡಿತು. ನಲವತ್ತು ವರ್ಷ ಕುರಿ ಹಂಚಿದ ಕೈಗೆ ಅರವತ್ತು ಹುಣಸೆ ಬೀಜ ಯಾವ ಲೆಕ್ಕ? ಟಕಟಕ ಹಾಕಿ, ಬೆನ್ನು ನೇರ ಮಾಡಿ, "ಆಯ್ತು ಸಾ" ಎಂದು ಹೆಮ್ಮೆಯಿಂದ ನಿಂತೆ. ಶಾಮಿಯಾನದಲ್ಲಿ ಗುಜುಗುಜು. ಆಮೇಲೆ ಕಿಸಕಿಸ. ಕೆಳಗೆ ನೋಡಿದರೆ ಎಲೆ ಆರು! ಐದು ಮನೆ ಎಂದು ಕಿವಿಗೆ ಬಿದ್ದಿತ್ತು, ಕೈ ತನ್ನ ಪಾಡಿಗೆ ಬಂದವರದನ್ನೂ ಸೇರಿಸಿ ಹಾಕಿಬಿಟ್ಟಿತ್ತು.

"ಯಜಮಾನ್ರೇ, ನಾನ್ ಕೇಳಿದ್ದು ಐದು" ಎಂದರು ದಪ್ಪನೆಯವರು. ಆಮೇಲೆ ಸಭೆಯ ಕಡೆ ತಿರುಗಿ ಮೈಕಿನಲ್ಲೇ, "ತಾತಂಗೆ ಐದೇ ಬರಲ್ಲ, ಮೊಮ್ಮಗಳಿಗೆ ಕೋಟಿ ಬರುತ್ತಾ?" ಎಂದು ಜೋರಾಗಿ ನಕ್ಕರು. ದೊಡ್ಡವರು ನಕ್ಕ ಮೇಲೆ ಮಕ್ಕಳಿಗೆ ತಡೆಯೇ? ಇಡೀ ಶಾಮಿಯಾನ ನಕ್ಕಿತು. ಜಯಮ್ಮ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಮಗುವಿನ ನಂಬರು ಕೆಡಿಸಿದವನು ಈಗ ಅವಳ ಮಾನವನ್ನೂ ಕಳೆದೆನಲ್ಲ ಎಂದು ನಾನು ಎಲೆ ಮಡಿಸಲು ಕೈ ಹಾಕಿದೆ.

"ಮುಟ್ಬೇಡ ತಾತ!"

ಯಾರು ಕೂಗಿದ್ದು ಎಂದು ನಾನೇ ಸುತ್ತ ನೋಡಿದೆ. ಗಿರಣಿಯ ಗಂಟಲು! ಅಪ್ಪನದೇ ಗಂಟಲು, ಇಷ್ಟು ವರ್ಷ ಎಲ್ಲಿ ಅಡಗಿತ್ತೋ. "ಯಾಕ್ ಸಾರ್ ನಗ್ತೀರ? ಎಣ್ಸಿ ನೋಡಿ. ಒಂದೊಂದ್ ಎಲೇಲೂ ಹತ್ತತ್ತು ಐತೆ. ಒಂದೂ ಉಳಿದಿಲ್ಲ. ಐದ್ ಹಾಕಿದ್ರೆ ಹನ್ನೆರಡು ಬರ್ತಿತ್ತು, ಆಗ್ಲೂ ಉಳೀತಿರ್ಲಿಲ್ಲ. ಐದರವರೆಗೆ ಸಮ ಬರೋ ಸಂಖ್ಯೇಲಿ ಅರವತ್ತೇ ಚಿಕ್ಕದು. ಆರಕ್ಕೂ ಅದೇ ಬರ್ತದೆ. ಆರಕ್ಕೆ ಬೇಕಾಗಿರೋ ಎರಡೂ ಮೂರೂ ಆಗ್ಲೇ ಒಳಗೆ ಕೂತವೆ. ನಮ್ ತಾತ ಹಾಕಿದ್ದು ತಪ್ಪಲ್ಲ. ನೀವ್ ಎಣಿಸ್ದೆ ಬಿಟ್ಟೋರಿಗೆ ಹಾಕವ್ರೆ."

ನಗು ನಿಂತಿತು. ಅವಳು ನಿಲ್ಲಲಿಲ್ಲ. ಹಾಳೆಯ ಕಡೆ ತಿರುಗಿ, ಹದಿನಾರು ಮನೆಯಿಂದ ಹದಿನೇಳನೇ ಗುಡ್ಡೆಗೆ ಬಂದದ್ದು, ಐದು ಉಳಿದದ್ದು, ಹದಿನೇಳರಿಂದ ಗುಣಿಸಿದ್ದು ಎಲ್ಲ ಹೇಳಿದಳು. ಆಗ ಅಷ್ಟು ಹೊತ್ತೂ ಬರೆದುಕೊಳ್ಳುತ್ತಿದ್ದ ಮೇಡಮ್ಮು ಪೆನ್ನು ಕೆಳಗಿಟ್ಟು, "ಹದಿನೇಳಕ್ಕೆ ಯಾಕೆ ನಿಲ್ಲಿಸಿದೆ ಮಗು? ಹದಿನೆಂಟಕ್ಕೆ ಏನಾಗುತ್ತೆ?" ಎಂದು ಕೇಳಿದರು. ಹಾಳೆಯಲ್ಲಿ ಹದಿನೆಂಟು ಇರಲಿಲ್ಲ. ಚಂದನ ಆ ಆರು ಎಲೆಗಳನ್ನೇ ಒಂದು ಕ್ಷಣ ನೋಡಿದಳು. ಮುಖ ಅರಳಿತು.

"ಬರ್ತದೆ ಮೇಡಂ! ಭಾಗಿಸಿ ನೋಡೋದೇ ಬೇಡ. ಐದಾದ್ಮೇಲೆ ಆರು ಬಂದಂಗೆ. ಹದಿನೆಂಟಕ್ಕೆ ಎರಡೂ ಒಂಬತ್ತೂ ಇದ್ರೆ ಸಾಕು, ಅವು ಆಗ್ಲೇ ಒಳಗೇ ಅವೆ. ಬಿಟ್ಟಿ ಬರ್ತದೆ."

"ಹತ್ತೊಂಬತ್ತು?"

ಅವಳು ಹಾಳೆಯ ಮೂಲೆಯಲ್ಲೇ ಭಾಗಿಸಿದಳು. "ಬರಲ್ಲ. ಹದಿನಾಲ್ಕು ಉಳೀತದೆ. ಅದು ಬೀಗರು ಮೇಡಂ, ಬೇರೆ ಗಾಡಿ ಮಾಡ್ಬೇಕು."

ಮೇಡಮ್ಮಿಗೆ ಬೀಗರು ಅರ್ಥವಾಗಲಿಲ್ಲ. ಅದನ್ನೂ ವಿವರಿಸಿದಳು. ಸಿದ್ದನನ್ನೂ ಹೇಳಿದಳು. ಇಪ್ಪತ್ತು ಬರುತ್ತದೆ, ಇಪ್ಪತ್ತೊಂದು ಬರುತ್ತದೆ, ಇಪ್ಪತ್ತೆರಡು ಬರುತ್ತದೆ, ನಡುವೆ ಆ ಹತ್ತೊಂಬತ್ತು ಒಂದೇ ಮುಖ ಊದಿಸಿಕೊಂಡು ಕೂತಿದೆ ಎಂದಳು. ಐದು ನಿಮಿಷದ ಗಂಟೆ ಹೊಡೆಯಿತು. "ಇನ್ನೊಂಚೂರೈತೆ ಸಾರ್" ಎಂದಳು. ಗಡಿಯಾರದವರು ಗಡಿಯಾರವನ್ನು ಜೇಬಿಗೆ ಹಾಕಿಕೊಂಡರು. ಕೊನೆಗೆ ದಪ್ಪನೆಯವರು, "ನಿಮ್ಮ ತಾತ ಗಣಿತ ಎಲ್ಲಿವರೆಗೆ ಓದಿದಾರಮ್ಮ?" ಎಂದು ಕೇಳಿದರು, ಈ ಸಲ ನಗದೆ. "ನಾಲ್ಕನೇ ಕ್ಲಾಸು ಸಾರ್" ಎಂದಳು. ನಾನು ತಲೆ ಎತ್ತಿ ನಿಂತೆ. ನಾಲ್ಕನೇ ಕ್ಲಾಸು ಎನ್ನುವುದು ಅಷ್ಟು ದೊಡ್ಡ ಡಿಗ್ರಿ ಎಂದು ನನಗೂ ಗೊತ್ತಿರಲಿಲ್ಲ.

ಮೊದಲನೆಯವಳೆಂದು ಅವಳ ಹೆಸರು ಕೂಗಿದಾಗ ಅಳಿಯಂದಿರು ಮೊದಲು ಎದ್ದು ನಿಂತರು, ಆಮೇಲೆ ಯಾಕೆ ನಿಂತೆ ಎಂದು ತಿಳಿಯದೆ ಕೂತರು, ಮತ್ತೆ ಎದ್ದರು. ಹೊರಗೆ ಬಂದ ಮೇಲೆ ಸಿಕ್ಕಿದವರಿಗೆಲ್ಲ, "ನಮ್ ಹುಡ್ಗಿಗೆ ಮೊದ್ಲಿಂದ್ಲೂ ಲೆಕ್ಕ ಅಂದ್ರೆ ಪ್ರಾಣ. ನಾನೇ ಬಿಟ್ಟಿದ್ದೆ ಓದ್ಲಿ ಅಂತ" ಎಂದು ಕೂಗಿ ಹೇಳುತ್ತಿದ್ದರು. ಅಳಿಯನಿಗೆ ನೆನಪಿನ ಶಕ್ತಿ ಕಡಿಮೆ ಇದ್ದಷ್ಟೂ ಮಗಳ ಸಂಸಾರ ಸುಖವಾಗಿರುತ್ತದೆ.

ಸಂಜೆ ಅವರ ಮನೆಯಲ್ಲೇ ಎಲ್ಲರಿಗೂ ಊಟ. ಶನಿವಾರವಾದ್ದರಿಂದ ಬಾಡಿನ ಮಾತಿಲ್ಲ. ಮಂಜುಳ ಉಪ್ಸಾರು ಮಾಡಿದ್ದಳು, ಜಯಮ್ಮ ಮುದ್ದೆ ತೊಳಸಿದಳು. ನಾನು, ಜಯಮ್ಮ, ಮಗಳು, ಅಳಿಯ, ಮೊಮ್ಮಗಳು ಐದು ಜನ ನೆಲದ ಮೇಲೆ ಸುತ್ತ ಕೂತೆವು. ಗೆಲುವಿಗೆ ಮೂಲ ಯಾರು ಎನ್ನುವುದನ್ನು ಇವತ್ತಾದರೂ ಒಮ್ಮೆ ನಿಧಾನವಾಗಿ ವಿವರಿಸಬೇಕು ಎಂದು ನಾನು ಗಂಟಲು ಸರಿ ಮಾಡಿಕೊಂಡು, "ಅಲ್ಲೇನಾಯ್ತು ಅಂದ್ರೆ, ನಾನು ಬೇಕಂತ್ಲೇ ಆರು..." ಎಂದು ಶುರು ಮಾಡಿದೆ. ಅಷ್ಟರಲ್ಲಿ ಅಳಿಯಂದಿರು ಮಗಳ ಕಡೆ ತಿರುಗಿ, ಹುಟ್ಟಿದ ಮೇಲೆ ಮೊದಲ ಸಲ ಮೆಲ್ಲಗೆ, "ಚಂದು, ಆ ಹತ್ತೊಂಬತ್ನೂ ಸೇರ್ಸಿದ್ರೆ ಎಷ್ಟಾಯ್ತದವ್ವ?" ಎಂದು ಕೇಳಿದರು. ಅವಳು ಬಾಯಲ್ಲಿದ್ದ ತುತ್ತು ನುಂಗಿ, "ಇಪ್ಪತ್ಮೂರು ಕೋಟಿ ಇಪ್ಪತ್ತೇಳು ಲಕ್ಷದ ತೊಂಬತ್ತೆರಡು ಸಾವಿರದ ಐನೂರ ಅರವತ್ತು!" ಎಂದು ಶುರು ಮಾಡಿದವಳು ನಿಲ್ಲಲೇ ಇಲ್ಲ. ಮೈಸೂರಿನಲ್ಲಿ ಅದನ್ನೇ ಹೇಳುತ್ತಾಳಂತೆ. ಇಪ್ಪತ್ತಮೂರು ಇನ್ನೊಬ್ಬ ಬೀಗನಂತೆ. ಅವರಪ್ಪ ಕೇಳುತ್ತಾ ಕೂತರು, ಅವರಮ್ಮ ಕೇಳುತ್ತಾ ಕೂತಳು, ಎರಡು ಗಂಟಲು ಒಟ್ಟಿಗೆ ಸುಮ್ಮನಿದ್ದದ್ದು ಆ ಮನೆಯಲ್ಲಿ ಅದೇ ಮೊದಲು. ನಾನು ಎರಡನೇ ಸಲ "ನಾನು ಬೇಕಂತ್ಲೇ..." ಎಂದೆ. ಯಾರೂ ತಿರುಗಲಿಲ್ಲ. ಮೂರನೇ ಸಲ ಎಂದಾಗ ಮೊಮ್ಮಗಳು ಉಪ್ಸಾರಿನ ಕೈಯನ್ನು ಅಡ್ಡ ಹಿಡಿದು, "ತಾತ, ಒಂದ್ನಿಮ್ಷ ಸುಮ್ನಿರು, ನಂದಿನ್ನೂ ಮುಗ್ದಿಲ್ಲ" ಎಂದಳು. ಇಲ್ಲಿಯವರೆಗೆ ಆ ಮಾತು ಹೇಳುವ ಹಕ್ಕು ಜಯಮ್ಮನೊಬ್ಬಳಿಗೇ ಇತ್ತು. ಅವಳು ನನ್ನ ಕಡೆ ನೋಡಿ ನಕ್ಕು ಇನ್ನೊಂದು ಮುದ್ದೆ ಹಾಕಿದಳು. ಮುದ್ದೆಯನ್ನು ಅಗಿಯುವ ಹಾಗೂ ಇಲ್ಲ, ನುಂಗಬೇಕು. ಹಾಗಾಗಿ ಆ ಸಂಜೆ ನನ್ನ ಬಾಯಿಗೆ ಯಾವ ಕೆಲಸವೂ ಇರಲಿಲ್ಲ.